ಮೀಸೆ ತಿರುವಿದ ತರಗತಿ

ಮೂಗಿನ ಕೆಳಗೆ ಬೆರಳಾಡಿಸುವುದು ಅಪರಾಧವೆಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಹಾಗಾಗಿ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ದಿನ ನನ್ನ ಎಂಟನೇ ತರಗತಿಯ ಮಕ್ಕಳು ಒಬ್ಬರಾದ ಮೇಲೊಬ್ಬರು ಮೂಗಿನ ಕೆಳಗೆ ಬೆರಳಿಟ್ಟು ತಿರುವುತ್ತಿದ್ದಾಗ, ಎಲ್ಲರಿಗೂ ನೆಗಡಿ ಇರಬೇಕು ಅಂದುಕೊಂಡೆ. ತಾಳವಾಡಿಯ ಕಾರ್ತಿಕದ ಚಳಿ ಅಂಥದ್ದು. ಮೂರನೇ ಬೆಂಚಿನ ಹುಡುಗಿ ಮಾತ್ರ ತಲೆ ಎತ್ತದೆ ಪುಸ್ತಕ ನೋಡುತ್ತಿದ್ದಳು. ಪಾಠ ಬೆಳಕಿನದು, ಅವಳು ತೆರೆದಿಟ್ಟುಕೊಂಡಿದ್ದ ಪುಟ ಗಣಿತದ್ದು.

ನಾನು ಬೆಟ್ಟದ ಮೇಲಿನ, ಆರನೇ ತರಗತಿಯಿಂದ ಶುರುವಾಗುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕಿ. ಪಣಕಹಳ್ಳಿಯಿಂದ ಸ್ಕೂಟರಿನಲ್ಲಿ ಬಂದುಹೋಗುತ್ತೇನೆ. ಮಕ್ಕಳು ಮಕ್ಕಳಿಗೇ ಕೊಡುವ ಕಿರುಕುಳವನ್ನು ತಡೆಯುವ ಹೊಣೆಯೂ ಆ ವರ್ಷ ನನ್ನ ಕೊರಳಿಗೆ ಬಿದ್ದಿತ್ತು. ಅದಕ್ಕೆ ಬೇಕಾದ ಅರ್ಹತೆಯೇನೂ ನನ್ನಲ್ಲಿರಲಿಲ್ಲ. ಶಿಕ್ಷಕರ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದ್ದೆ, ಅಷ್ಟೆ.

ಬೆರಳಾಟದ ಅರ್ಥ ಹೊಳೆದದ್ದು ಮಧ್ಯಾಹ್ನ, ಆ ಹುಡುಗಿಯ ಬೆಂಚಿನ ಮೇಲೆ ಒಣಹುಲ್ಲಿನಲ್ಲಿ ಹೆಣೆದ ಒಂದು ಮೀಸೆ ಸಿಕ್ಕಾಗ. ನಮ್ಮ ಗುಮಟಾಪುರದಲ್ಲಿ ದೀಪಾವಳಿ ಕಳೆದ ಮೇಲೆ ಬೀರೇಶ್ವರನ ಗುಡಿಯಲ್ಲಿ ಸಗಣಿ ಹಬ್ಬ ನಡೆಯುತ್ತದೆ. ಗಂಡಸರು ಸಗಣಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಾಡುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದಕ್ಕೂ ಮೊದಲು ಚಾಡಿಕೋರನ ಮೆರವಣಿಗೆ. ಚಾಡಿ ಹೇಳುವವನ ವೇಷದವನಿಗೆ ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆಯ ಮೇಲೆ ಕೂರಿಸಿ, ಜನರೆಲ್ಲ ಬೈದು ನಗುತ್ತಾರೆ. ಅದನ್ನು ನೋಡುತ್ತ ಬೆಳೆದ ಮಕ್ಕಳ ಕಣ್ಣಲ್ಲಿ ಇಲ್ಲಿಯದನ್ನು ಅಲ್ಲಿ ಹೇಳುವವನಿಗಿಂತ ಕೀಳಾದವನು ಇನ್ನೊಬ್ಬನಿಲ್ಲ. ನಾನೂ ಅಪ್ಪನ ಹೆಗಲೇರಿ ನೋಡಿ ನಕ್ಕವಳೇ.

ಹುಡುಗಿ ಹೇಳಿದ್ದ ಚಾಡಿಯಾದರೂ ಏನು? ಅವಳ ಊರು ತಾಳಮಲೆ, ಕಾಡಿನ ನಡುವಿನ ಊರು. ಅಪ್ಪ ಅಮ್ಮ ಕೂಲಿಗೆ ಹೋಗುವವರು. ಅಲ್ಲಿಂದ ನಮ್ಮ ಶಾಲೆಗೆ ಬರುವ ಮಕ್ಕಳಿಗೆ ಬೆಳಿಗ್ಗೆ ಒಂದೇ ಬಸ್ಸು. ಅವರು ಮೊದಲು ಹತ್ತುವುದರಿಂದ ಸೀಟು ಸಿಗುತ್ತದೆ. ಕಾಡು ದಾಟಿದ ಮೇಲೆ ಬಯಲಿನ ಊರುಗಳ ದೊಡ್ಡ ಹುಡುಗರು ಹತ್ತುತ್ತಾರೆ. ರಜೆಗೆ ಮೊದಲು ನಾನು ತರಗತಿ ತರಗತಿಗೂ ಹೋಗಿ, “ಯಾರಿಗಾದರೂ ತೊಂದರೆಯಾಗುತ್ತಿದ್ದರೆ ಬಂದು ಹೇಳಿ” ಎಂದು ಭಾಷಣ ಬಿಗಿದು ಬಂದಿದ್ದೆ. ಇಡೀ ಶಾಲೆಯಲ್ಲಿ ಅದನ್ನು ನಂಬಿದವಳು ಇವಳೊಬ್ಬಳೇ.

“ಮಿಸ್, ಬಸ್ಸಲಿ ದೊಡ್ಡುಡುಗ್ರು ನಮ್ಮೂರ ಚಿಕ್ಕ ಐಕ್ಳ ಎಬ್ಬಿಸ್ಬುಟ್ಟು ತಾವು ಕೂತ್ಕತಾರ. ‘ಎದ್ದೇಳ್ಲಾ ಕಾಡಾನೆ’ ಅಂತಾರ. ಬ್ಯಾಗ ಇಂದಕ್ಕ ಎಸಿತಾರ. ಮೊನ್ನ ಒಬ್ಬ ಬುದ್ಬುಟ್ಟು ಮಂಡಿ ಕೆತ್ಕಂಡ,” ಎಂದಿದ್ದಳು.

ನಾನು ಹುಡುಗರನ್ನು ಕರೆದು ವಿಚಾರಿಸಿದೆ. ಒಪ್ಪಿಕೊಂಡರು. ಮುಂದಾಳು ಒಂಬತ್ತನೇ ತರಗತಿಯವನು. ಮರುದಿನ ಪ್ರಾರ್ಥನೆಯಲ್ಲಿ ಮುಖ್ಯೋಪಾಧ್ಯಾಯರು ಅವನಿಂದ ಎಲ್ಲರೆದುರು ಕ್ಷಮೆ ಕೇಳಿಸಿದರು. ಅಲ್ಲಿಗೇ ಬಿಡಲಿಲ್ಲ. ಹುಡುಗಿಯನ್ನು ವೇದಿಕೆಗೆ ಕರೆದು, ತಮ್ಮ ಜೇಬಿನ ಪೆನ್ನು ತೆಗೆದು ಅವಳ ಕೈಗಿತ್ತು, “ಇಂಥ ಧೈರ್ಯ ಎಲ್ಲರಿಗೂ ಬರಬೇಕು” ಅಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಾನೂ ಅಂಗೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಆ ಹೊತ್ತಿಗೇ ಇಡೀ ಶಾಲೆಗೆ ಚಾಡಿಕೋರ ಯಾರೆಂದು ಗೊತ್ತಾಗಿತ್ತು. ಹಬ್ಬ ಬರುವುದಷ್ಟೇ ಬಾಕಿಯಿತ್ತು.

ಹೊಡೆತ, ಬೈಗುಳವಾದರೆ ಹಿಡಿಯುವುದು ಸುಲಭ. ಇದು ಹಾಗಲ್ಲ. ಅವಳು ಬಾಗಿಲಲ್ಲಿ ಕಂಡರೆ ಬೆರಳುಗಳು ಮೂಗಿನ ಕೆಳಗೆ ಹೋಗುತ್ತವೆ. ಅವಳು ಉತ್ತರ ಹೇಳಲು ಎದ್ದರೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ, ಮತ್ತೆ ಬೆರಳು. ನಾನು ಬೋರ್ಡಿನ ಕಡೆ ತಿರುಗಿದರೆ ಇನ್ನಷ್ಟು. ಸದ್ದಿಲ್ಲ, ಗದ್ದಲವಿಲ್ಲ. ಆರನೇ ತರಗತಿಯ ಪುಟಾಣಿಗಳೂ ಕಲಿತುಬಿಟ್ಟಿದ್ದವು. ಯಾರ ಸೀಟಿಗಾಗಿ ಅವಳು ಬಾಯಿಬಿಟ್ಟಿದ್ದಳೋ ಅವರೇ ಅವಳನ್ನು ನೋಡಿ ಮೀಸೆ ತಿರುವುತ್ತಿದ್ದರು. ಅದನ್ನು ಕಂಡಾಗ ನನ್ನ ಮೈ ಉರಿದುಹೋಯಿತು.

ಮೊದಲು ತರಗತಿಯನ್ನು ಚೆನ್ನಾಗಿ ಬೈದೆ. ಮರುದಿನ ಅದೇ ಆಟ, ಇನ್ನೂ ಹುಷಾರಾಗಿ. ಒಬ್ಬನನ್ನು ಮೀಸೆ ತಿರುವುವಾಗಲೇ ಹಿಡಿದು ಹೊರಗೆ ನಿಲ್ಲಿಸಿದೆ. “ತುರಿಕೆ ಮಿಸ್” ಅಂದ. ಸಂಜೆಯ ಹೊತ್ತಿಗೆ ಅವನು ಶಾಲೆಯ ವೀರನಾಗಿದ್ದ, ಅವನನ್ನು ನಿಲ್ಲಿಸಿದ ಪಾಪವೂ ಅವಳ ತಲೆಗೇ ಬಂದಿತ್ತು. ಅವಳ ಜಾಗ ಬದಲಿಸಿದೆ. ಹೊಸ ಬೆಂಚಿನವರು ಒಂದು ಗೇಣು ಸರಿದು ಕೂತರು. ಆಫೀಸಿನ ಗೋಡೆಗೆ ತೂಗುಹಾಕಿದ್ದ ದೂರಿನ ಪೆಟ್ಟಿಗೆಯನ್ನು ಆ ವಾರ ತೆರೆದೆ. ತುಂಬ ಹುಲ್ಲಿತ್ತು.

ಎರಡನೇ ವಾರ ಅವಳು ಬರಲಿಲ್ಲ. ಎಂಟನೇ ತರಗತಿಯ ಹುಡುಗಿ, ಕೂಲಿಯವರ ಮನೆಯವಳು, ಬಯಲಿನ ತುಂಬ ಕೋಸು ಕೀಳುವ ಕಾಲ. ಹೀಗೆ ಹದಿನೈದು ದಿನ ಎಂದು ಹೋದವರು ಮತ್ತೆ ಬೆಂಚಿಗೆ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಶನಿವಾರ ತಾಳಮಲೆಯ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಸ್ಕೂಟರ್ ಒಯ್ಯಬೇಡಿ, ಆನೆ ಇರುತ್ತದೆ ಎಂದು ಎಲ್ಲರೂ ಹೇಳಿದ್ದರು. ಆನೆ ಕಾಣಲಿಲ್ಲ. ಊರು ಹತ್ತಿರವಾಗುತ್ತಿತ್ತು. ಅಲ್ಲಿ ಏನು ಹೇಳಬೇಕೆಂದೇ ನನಗೆ ಗೊತ್ತಿರಲಿಲ್ಲ.

ಅವಳ ಅಮ್ಮ ಚಾಪೆ ಹಾಸಿ ಟೀ ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

“ನೀವೇ ತಾನೆ ಟೀಚ್ರಮ್ಮ ತೊಂದ್ರ ಆದ್ರ ಬಂದು ಏಳಿ ಅಂದೋರು? ಏಳುದ್ಲು. ಈಗ ಅಲ್ಲಿ ಇರಾಕ ಆಗದಿಲ್ಲ ಅಂತವ್ಳ. ನನ್ ಜೊತ ಕೋಸು ಕೀಳಾಕ ಬರ್ಲಿ ಬುಡಿ. ಒಲದಲ್ಲಿ ಯಾರೂ ಮೀಸ ತಿರುವದಿಲ್ಲ.”

ಹುಡುಗಿ ಒಳಗಿನಿಂದ ಬಂದು ಪೆನ್ನನ್ನು ನನ್ನ ಮುಂದಿಟ್ಟಳು.

“ಇದ ನೀವೇ ಮಡೀಕಳಿ ಮಿಸ್.”

“ಯಾರ್ಯಾರು ಮಾಡ್ತಾರೆ ಹೇಳು, ನಾನು ನೋಡ್ಕೊಳ್ತೀನಿ,” ಅಂದೆ. ಬಾಯಿಂದ ಬಂದ ಕೂಡಲೇ ನನಗೇ ನಾಚಿಕೆಯಾಯಿತು.

“ಇನ್ನ ನಾ ಯಾರ ಎಸ್ರೂ ಏಳದಿಲ್ಲ.” ಅವಳ ಕಣ್ಣು ತುಂಬಿತ್ತು, ಸ್ವರ ಮಾತ್ರ ಗಟ್ಟಿ. “ನಾ ಒಬ್ಳೇನಾ ಮಿಸ್ ಕಂಡದ್ದು? ಬಸ್ಸಲಿ ಎಲ್ರೂ ಕಂಡ್ರು. ಒಬ್ರಾರ ‘ಊ ಕಣ, ನಾನೂ ಕಂಡೆ’ ಅಂದಿದ್ರ ಸಾಕಾಗಿತ್ತು.”

ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಒಬ್ಬಳು ಹೇಳಿದ್ದಕ್ಕೆ ಚಾಡಿಯಾಯಿತು. ಎಲ್ಲರೂ ಹೇಳಿದ್ದರೆ? ನಮ್ಮ ಕಡೆ ಚಾಡಿ ಅಂದರೆ ಇಂಥವನು ಹೀಗೆ ಮಾಡಿದ ಅನ್ನುವುದು, ಹೆಸರು ಹಿಡಿದು ಹೇಳುವುದು. ಬಾವಿಯ ಕಟ್ಟೆ ಜಾರುತ್ತದೆ ಎಂದರೆ ಯಾರೂ ಅದನ್ನು ಚಾಡಿ ಅನ್ನುವುದಿಲ್ಲ. ಹಾಗಾದರೆ ನಾನು ‘ಯಾರು’ ಎಂದು ಕೇಳುವುದನ್ನೇ ಬಿಡಬೇಕು, ‘ಎಲ್ಲಿ’ ಎಂದು ಕೇಳಬೇಕು. ಒಬ್ಬರನ್ನಲ್ಲ, ಎಲ್ಲರನ್ನೂ ಕೇಳಬೇಕು. ಬಸ್ಸಿನಿಂದ ಇಳಿಯುವ ಹೊತ್ತಿಗೆ ನಿರ್ಧರಿಸಿಬಿಟ್ಟಿದ್ದೆ.

ಸೋಮವಾರ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಪೆನ್ನಿಟ್ಟು ವಿಷಯ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು.

“ಮೇಡಂ, ಅರ್ಧವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂದಿದೆ. ನೀವು ಎರಡು ತರಗತಿಯ ಮಕ್ಕಳನ್ನ ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡ್ತೀನಿ ಅಂತೀರ. ಅದೂ ಯಾರು ಮಾಡಿದ್ದು ಅಂತ ಕೇಳದೆ!”

“ಯಾರು ಅಂದ್ರೆ ಬಾಯಿ ಮುಚ್ಕೊಳ್ತಾರೆ ಸಾರ್. ಎಲ್ಲಿ ಅಂದ್ರೆ ಹೇಳಬಹುದು.”

“ಹೇಳದಿದ್ದರೆ?”

“ಆಗ ನೀವು ಬೈಯಿರಿ.”

ಅವರು ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. “ನಾನು ಒಳ್ಳೇದಕ್ಕೇ ಮಾಡಿದ್ದು ಮೇಡಂ,” ಅಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. “ನಾನೂ ಚಪ್ಪಾಳೆ ತಟ್ಟಿದವಳೇ ಸಾರ್,” ಅಂದೆ. ಮಧ್ಯಾಹ್ನದ ಅವಧಿಗಳನ್ನು ನನಗೆ ಬಿಟ್ಟುಕೊಟ್ಟರು.

ಪುಸ್ತಕಗಳಿಗಿಂತ ಧೂಳೇ ಹೆಚ್ಚಿರುವ ನಮ್ಮ ಗ್ರಂಥಾಲಯದ ಕೋಣೆಯನ್ನು ಗುಡಿಸಿದೆ. ಎರಡು ಕುರ್ಚಿಗಳನ್ನು ಎದುರುಬದುರು ಇಡದೆ ಪಕ್ಕಪಕ್ಕ ಇಟ್ಟೆ. ಎದುರು ಕೂತರೆ ಪೊಲೀಸ್ ಠಾಣೆಯಂತಾಗುತ್ತದೆ. ಬಾಗಿಲು ತೆರೆದೇ ಇರಬೇಕು, ಹೊರಗಿನವರಿಗೆ ಕಾಣಬೇಕು, ಆದರೆ ಕೇಳಬಾರದು. ಎಂಟು, ಒಂಬತ್ತನೇ ತರಗತಿಯ ಎಲ್ಲರೂ ಹಾಜರಿಯ ಕ್ರಮದಲ್ಲೇ ಬರಬೇಕು. ಎಲ್ಲರಿಗೂ ಗೋಡೆ ಗಡಿಯಾರದ ಐದು ನಿಮಿಷ. ಹೇಳಲು ಏನಿಲ್ಲದವರೂ ಐದು ನಿಮಿಷ ಕೂತೇ ಹೋಗಬೇಕು, ಕೆಲವರು ಬೇಗ ಹೊರಟರೆ, ಹೆಚ್ಚು ಹೊತ್ತು ಕೂತವರೇ ಹೇಳಿದವರೆಂದು ಲೆಕ್ಕವಾಗುತ್ತದೆ. ನಾನು ಬರೆದುಕೊಳ್ಳುವುದಿಲ್ಲ. ಕೇಳುವುದು ಮೂರೇ. ಶಾಲೆಯಲ್ಲಿ, ದಾರಿಯಲ್ಲಿ ನಿನಗೆ ಇರಲು ಬೇಡವೆನಿಸುವ ಜಾಗ ಯಾವುದು? ಅಲ್ಲಿ ಏನಾಗುತ್ತದೆ? ಅದು ನಿನಗೇ ಆದರೆ ಉಳಿದವರು ಏನು ಮಾಡಬೇಕು ಅನ್ನಿಸುತ್ತದೆ? ಹೆಸರು ಹೇಳುವಂತಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದೆ.

ಮೊದಲ ದಿನ ಪೂರ್ತಿ ಸೋತೆ. “ಎಲ್ಲಾ ಚೆಂದಾಗದ ಮಿಸ್.” ಬಂದವರೆಲ್ಲ ಇದೇ ಹೇಳಿ ಗಡಿಯಾರ ನೋಡುತ್ತ ಕೂತರು. ಒಬ್ಬ ಹುಡುಗ ಇದು ಬಾಯಿಪಾಠದ ಪರೀಕ್ಷೆ ಎಂದುಕೊಂಡು ಕುರ್ಚಿಗೆ ಕೂರುತ್ತಲೇ ಗ್ರಹಗಳ ಹೆಸರನ್ನು ಒಪ್ಪಿಸಿದ. ನಕ್ಕು ಕಳಿಸಿದೆ. ಮನೆಗೆ ಹೋಗುವಾಗ ನಗು ಬರಲಿಲ್ಲ. ಅತ್ತ ಅವಳು ಹೊಲದಲ್ಲಿದ್ದಾಳೆ, ಇತ್ತ ನಾನು ಕುರ್ಚಿ ಆಟ ಆಡಿಸುತ್ತಿದ್ದೇನೆ ಅನ್ನಿಸಿತು.

ಎರಡನೇ ದಿನ ಕ್ರಮದಲ್ಲಿ ತಾಳಮಲೆಯ ಹುಡುಗಿಯ ಸರದಿ ಬಂತು. ಗೈರುಹಾಜರಿ. ಮುಂದಿನವಳನ್ನು ಕರೆಯಲು ಬಾಯಿ ತೆರೆದವಳು ಸುಮ್ಮನಾದೆ. ಎಲ್ಲರಿಗೂ ಐದು ನಿಮಿಷ ಎಂದ ಮೇಲೆ ಅವಳಿಗೂ ಐದು ನಿಮಿಷ. ಖಾಲಿ ಕುರ್ಚಿಯ ಪಕ್ಕ ಕೂತೆ. ಕೈಯಲ್ಲಿ ಪುಸ್ತಕ ಹಿಡಿಯಲಿಲ್ಲ, ಫೋನು ಮುಟ್ಟಲಿಲ್ಲ. ವರಾಂಡದಲ್ಲಿ ಕಾಯುತ್ತಿದ್ದ ಮಕ್ಕಳು ಮೊದಲು ಕಿಸಕ್ಕೆಂದರು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಲಸದ ಇಷ್ಟು ವರ್ಷಗಳಲ್ಲಿ ಅಷ್ಟು ಉದ್ದದ ಐದು ನಿಮಿಷವನ್ನು ನಾನು ಕಂಡಿಲ್ಲ.

ಅವಳಾದ ಮೇಲೆ ಬರಬೇಕಾದವಳು ಅವಳ ಹಳೆಯ ಬೆಂಚಿನ ಜೊತೆಗಾತಿ. ಅದೇ ಬಸ್ಸಿಗೆ ದಾರಿಯಲ್ಲಿ ಹತ್ತುವ ಹುಡುಗಿ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು.

“ಅವ್ಳು ಬಂದೇ ಇಲ್ವಲ್ಲ ಮಿಸ್, ಯಾಕ ಸುಮ್ನ ಕೂತಿದ್ರಿ?”

“ಅವಳ ಸರದಿ ಅದು. ಬಾರದಿದ್ದರೂ ಅವಳದೇ.”

ಹುಡುಗಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. “ನಾನೂ ಕಂಡೆ ಮಿಸ್. ಚಿಕ್ಕ ಐಕ್ಳ ಎಬ್ಬಿಸೋದ ದಿನಾಲೂ ಕಂಡೆ. ಬಸ್ಸಿನ ಇಂದ್ಗಡ ಬಾಗ್ಲತ್ರ. ಆಮೇಲ ಮೀಸನೂ ತಿರುವ್ದೆ. ತಿರುವ್ದೆ ಇದ್ರ ನನ್ನೂ ಅವಳ್ ಜೊತ ಸೇರ್ಸ್ಬುಡೋರು.”

ಬೈಯಬೇಕು ಅನ್ನಿಸಲಿಲ್ಲ. ಅವಳ ಜಾಗದಲ್ಲಿ, ಆ ವಯಸ್ಸಿನಲ್ಲಿ ನಾನಿದ್ದರೂ ಬೆರಳು ಮೂಗಿನ ಕೆಳಗೇ ಇರುತ್ತಿತ್ತು. ಐದು ನಿಮಿಷ ಅವಳು ಅತ್ತಳು, ನಾನು ಬೆನ್ನು ಸವರಿದೆ.

ಅಲ್ಲಿಂದ ಮಾತು ಹರಿಯಿತು. ನೀರಿನ ತೊಟ್ಟಿಯ ಹಿಂಭಾಗ, ಹುಡುಗಿಯರ ಶೌಚಾಲಯಕ್ಕೆ ಹೋಗುವ ಸಂದಿ, ಎಲ್ಲಕ್ಕಿಂತ ಹೆಚ್ಚು ಬಾರಿ ಬಸ್ಸಿನ ಹಿಂಬಾಗಿಲು. ಹೆಸರು ಬೇಡವೆಂದ ಮೇಲೆ ಮಕ್ಕಳಿಗೆ ಎಷ್ಟೊಂದು ನೆನಪಿರುತ್ತದೆ! ಕೆಲವರಿಗೆ ಐದು ನಿಮಿಷ ಸಾಲದಾಯಿತು. ಅವರಿಗೆ ಬೇರೆ ದಿನ ಕೊಟ್ಟೆ.

ಒಂಬತ್ತನೇ ತರಗತಿಯ ಆ ಮುಂದಾಳು ಹುಡುಗನೂ ತನ್ನ ಸರದಿಯಲ್ಲಿ ಬಂದ. ಅವನ ಮೇಲೆ ನನಗೆ ಸಿಟ್ಟಿತ್ತು, ಮುಚ್ಚಿಡುವುದಿಲ್ಲ. ಕಾಲು ಚಾಚಿ, ಗೋಡೆ ನೋಡುತ್ತ ಕೂತ.

“ಬಸ್ಸೇ ಮಿಸ್,” ಅಂದ ಕೊನೆಗೆ. “ನಂಗೂ ಬಸ್ಸೇ ಆಗದಿಲ್ಲ. ಆರ್ನೇ ಕ್ಲಾಸಲಿ ನನ್ನೂ ಅಂಗೇ ಎಬ್ಬಿಸೋರು. ಎಲ್ಡು ವರ್ಸ ನಿಂತ್ಕಂಡೇ ಬಂದಿವ್ನಿ.”

“ಯಾರಿಗಾದರೂ ಹೇಳಿದ್ದೆಯಾ?”

ಅವನು ಮೊದಲ ಸಲ ನನ್ನ ಮುಖ ನೋಡಿದ. “ಏಳುದ್ರ ನಂಗೂ ಮೀಸ ಕಟ್ತಿದ್ರಲ್ಲ.”

ಮೂರನೇ ಪ್ರಶ್ನೆ ಕೇಳಿದೆ. ಆಗ ಉಳಿದವರು ಏನು ಮಾಡಬೇಕಿತ್ತು ಅನ್ನಿಸುತ್ತದೆ?

“ಯಾರಾರ ಒಬ್ರು ‘ನೀ ಕೂತ್ಕಲಾ’ ಅಂದಿದ್ರ ಆಗದು.”

ತಪ್ಪು ತಪ್ಪೇ. ಎಬ್ಬಿಸಿಕೊಂಡವನು ಇನ್ನೊಬ್ಬರನ್ನು ಎಬ್ಬಿಸಬಹುದೆಂದು ಎಲ್ಲೂ ಇಲ್ಲ. ಅದನ್ನು ಅವನಿಗೆ ಇನ್ನೊಂದು ದಿನ, ಯಾರೂ ಇಲ್ಲದಾಗ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದ ದಿನ ಅವನು ಹೀಗೆ ತಲೆ ತಗ್ಗಿಸಿರಲಿಲ್ಲ, ಸೆಟೆದು ನಿಂತಿದ್ದ.

ಎಲ್ಲರ ಸರದಿ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಪ್ರಾರ್ಥನೆಯಲ್ಲಿ ಮಾತಾಡಿದರು. ಏನು ಹೇಳಬೇಕು, ಏನು ಹೇಳಬಾರದು ಎಂದು ಹಿಂದಿನ ದಿನ ಇಬ್ಬರೂ ಕೂತು ತೀರ್ಮಾನಿಸಿದ್ದೆವು. ಯಾರನ್ನೂ ಮೇಲೆ ಕರೆಯಲಿಲ್ಲ, ಯಾರ ಹೆಸರೂ ಎತ್ತಲಿಲ್ಲ. “ಬಸ್ಸಿನಲ್ಲಿ ಚಿಕ್ಕವರಿಗೆ ತೊಂದರೆಯಾಗುತ್ತಿದೆ ಎಂದು ಎರಡೂ ತರಗತಿಯವರು ಹೇಳಿದ್ದೀರಿ. ನೀವೆಲ್ಲ ಹೇಳಿದ್ದರಿಂದ ನಮಗೆ ಗೊತ್ತಾಯಿತು,” ಅಂದರು. ಮಕ್ಕಳು ಅಕ್ಕಪಕ್ಕ ನೋಡಿಕೊಂಡರು. ಇಷ್ಟು ಜನಕ್ಕೆ ಮೀಸೆ ಕಟ್ಟಲು ಯಾರ ಬಣವೆಯಿಂದ ಹುಲ್ಲು ತರುವುದು?

ಬಸ್ಸಿನ ಕೆಲಸ ಅಷ್ಟು ಸಲೀಸಾಗಲಿಲ್ಲ. “ನನ್ ಕೆಲ್ಸ ಟಿಕೆಟ್ಟು ಮೇಡಂ, ಪಂಚಾಯ್ತಿ ಅಲ್ಲ,” ಎಂದು ಕಂಡಕ್ಟರ್ ಮುಖ ತಿರುಗಿಸಿದರು. ನಾನು ಎರಡು ಬೆಳಿಗ್ಗೆ ಅದೇ ಬಸ್ಸಿನಲ್ಲಿ ಅವರ ಪಕ್ಕ ನಿಂತು ಬಂದೆ, ಬಾಯಿ ಬಿಡದೆ. ಮೂರನೇ ಬೆಳಿಗ್ಗೆ ಅವರೇ, “ಡ್ರೈವರ್ ಇಂದ್ಗಡ ಸೀಟು ಚಿಕ್ಕ ಐಕ್ಳಿಗ ಬುಡ್ಸ್ತೀನಿ, ನೀವು ನಿಮ್ ಸ್ಕೂಟ್ರಲ್ಲಿ ಬನ್ನಿ,” ಅಂದರು. ನೀರಿನ ತೊಟ್ಟಿಯ ಹಿಂದೆ ಊಟದ ಬಿಡುವಿನಲ್ಲಿ ಒಬ್ಬೊಬ್ಬ ಶಿಕ್ಷಕರು ಸರದಿಯಂತೆ ಅಡ್ಡಾಡಿದರು. ಆದರೆ ಅವಳ ಜಾಗ ಹಾಗೆಯೇ ಖಾಲಿಯಿತ್ತು. ಇಷ್ಟೆಲ್ಲ ಯಾರಿಗಾಗಿ ಆಯಿತೋ ಅವಳೇ ಇಲ್ಲ.

ಶುಕ್ರವಾರ ಸಂಜೆ ಬೆಂಚಿನ ಜೊತೆಗಾತಿ ಸ್ಕೂಟರಿನ ಹತ್ತಿರ ಬಂದು ನಿಂತಳು. “ನೀವು ತಾಳಮಲಗ ಓದ್ರ ನಾನೂ ಬತ್ತೀನಿ ಮಿಸ್. ಅವ್ವನ ಕೇಳ್ಕಂಡಿವ್ನಿ.” ಅವಳ ಅವ್ವನಿಗೆ ಫೋನು ಮಾಡಿ ನಾನೂ ಕೇಳಿದೆ. ಶನಿವಾರ ಇಬ್ಬರೂ ಹೋದೆವು.

ಹುಡುಗಿ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು, ಗೆಳತಿಯನ್ನು ನೋಡಿ ಮತ್ತೆ ಕೂತಳು. ಬಸ್ಸಿನಲ್ಲಿ ನಾನು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಯಾವುದೂ ಬೇಕಾಗಲಿಲ್ಲ.

“ನಾನೂ ಕಂಡೆ ಕಣ,” ಅಂದಳು ಬೆಂಚಿನವಳು, ನಿಂತಲ್ಲಿಂದಲೇ.

“ಅವತ್ತು ಎಲ್ಲಿದ್ದೆ?”

“ನಿನ್ ಪಕ್ಕದಲ್ಲೇ.”

ಅವರೆಕಾಯಿ ಬಿಡಿಸುವ ಸದ್ದು ನಿಂತಿತು. ಅವಳಮ್ಮ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು.

“ಇನ್ನ ನೀನೂ ಚಾಡಿಕೋರಿ ಅನ್ನಿಸ್ಕತೀಯ ಕಣವ್ವ,” ಅಂದರು.

“ಅನ್ಲಿ ಬುಡಿ ಅತ್ತ. ಮೆರವಣಿಗ ಕತ್ತ ಮ್ಯಾಲ ಇಬ್ರು ಕೂತ್ಕಬೋದು.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ನಗಲಿಲ್ಲ. ಮೊರವನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. ಗೆಳತಿ ಕೂತು ಕಾಯಿ ಬಿಡಿಸತೊಡಗಿದಳು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗಲೂ ಬರುತ್ತೇನೆ, ಬರುವುದಿಲ್ಲ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಅವಳಮ್ಮ ನಮ್ಮನ್ನು ಬಸ್ಸಿನವರೆಗೆ ಕಳಿಸಿಬಂದರು. “ನೋಡವ ಟೀಚ್ರಮ್ಮ, ಏನಂತಾಳ ಅಂತ,” ಅಂದರು, ಅಷ್ಟೆ.

ಸೋಮವಾರ ಮಂಜು ದಟ್ಟವಾಗಿತ್ತು, ಬಸ್ಸು ತಡ. ಪ್ರಾರ್ಥನೆ ಮುಗಿದು ನಾನು ಹಾಜರಿ ಶುರುಮಾಡಿಯಾಗಿತ್ತು. ಬಸ್ಸಿನ ಮಕ್ಕಳು ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಒಳಗೆ ಬರುತ್ತಿದ್ದರು. ನಾನು ಬಾಗಿಲ ಕಡೆ ನೋಡಲಿಲ್ಲ. ಹಾಜರಿ ಪುಸ್ತಕದಲ್ಲೇ ಕಣ್ಣಿಟ್ಟು ಹೆಸರು ಕೂಗುತ್ತ ಹೋದೆ. ಅವಳ ಹೆಸರು ಬಂತು. ಬಾರದ ದಿನಗಳಲ್ಲೂ ಅದನ್ನು ಬಿಡದೆ ಕೂಗುತ್ತಿದ್ದೆ, ಒಂದು ಕ್ಷಣ ಕಾದು ಮುಂದೆ ಹೋಗುತ್ತಿದ್ದೆ. ಅವತ್ತೂ ಕೂಗಿದೆ. ಉಳಿದವರೆಲ್ಲ “ಹಾಜರ್ ಮಿಸ್” ಅನ್ನುವ ಆ ಜಾಗದಲ್ಲಿ, ಇಡೀ ತರಗತಿಗೆ ಕೇಳುವ ಹಾಗೆ ಅವಳು ಅಂದಳು:

“ಬಂದಿವ್ನಿ ಮಿಸ್.”